ಪರರ ಕಟ್ಟಿನಲ್ಲಿ ಉಳಿದ ಮನೆತನ: ಜನರಲ್ ಪಾಮರ್ ಮತ್ತು ಆತನ ಸಂತತಿಯ ಕಾಗದಪತ್ರಗಳು

ಯಾವುದಾದರೂ ದೊಡ್ಡ ಗ್ರಂಥಾಲಯದ ಪಟ್ಟಿಯಲ್ಲಿ ‘ಇಂಥ ಸೇನಾಧಿಕಾರಿಯ ಕುಟುಂಬದ ಕಾಗದಪತ್ರಗಳು’ ಎಂಬ ಸಾಲು ಕಂಡರೆ, ಆ ಮನೆಯವರು ತಲೆತಲಾಂತರದಿಂದ ಪೆಟ್ಟಿಗೆಯಲ್ಲಿಟ್ಟು ಜೋಪಾನ ಮಾಡಿದ ಕಟ್ಟು ಎಂದೇ ನಾವು ಊಹಿಸಿಕೊಳ್ಳುತ್ತೇವೆ. ತಾತ ಬರೆದದ್ದು, ಮಗ ಕಟ್ಟಿಟ್ಟದ್ದು, ಮೊಮ್ಮಗಳು ಗ್ರಂಥಾಲಯಕ್ಕೆ ಕೊಟ್ಟದ್ದು. ಕೆಲವು ಮನೆತನಗಳ ಮಟ್ಟಿಗೆ ಇದು ನಿಜ. ಆದರೆ ದೂರದೇಶದಿಂದ ಬಂದು ಇನ್ನೊಂದು ನೆಲದಲ್ಲಿ ಬೇರುಬಿಟ್ಟ ಅಧಿಕಾರಿಯ ಕುಟುಂಬವಾದರೆ ಕಥೆ ಬೇರೆ. ಆ ಮನೆಯ ಮಾತು ಆ ಮನೆಯಲ್ಲಿ ಉಳಿದಿರುವುದು ಕಡಿಮೆ. ಸ್ನೇಹಿತರ, ಎದುರಾಳಿಗಳ, ಸರ್ಕಾರಗಳ ಕಟ್ಟುಗಳಲ್ಲಿ ಅದು ಚದುರಿ ಹೋಗಿರುತ್ತದೆ. ಏನು ಉಳಿಯಿತು, ಎಲ್ಲಿ ಉಳಿಯಿತು, ಯಾಕೆ ಉಳಿಯಿತು ಎಂಬ ಮೂರು ಪ್ರಶ್ನೆಗಳನ್ನು ಕೇಳದೆ ಅಂಥ ಕಾಗದಗಳನ್ನು ಓದಿದರೆ ಇತಿಹಾಸ ಒಂದೇ ಮಗ್ಗುಲಿಗೆ ವಾಲುತ್ತದೆ. ಇದಕ್ಕೆ ದಖನ್ನಿನ ಪಾಮರ್ ಕುಟುಂಬಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಆ ಕುಟುಂಬದ ಒಂದು ಎಳೆ ನಮ್ಮ ಸುರಪುರದವರೆಗೂ ಬರುತ್ತದೆ.

ವಿಲಿಯಂ ಪಾಮರ್ ಹುಟ್ಟಿದ್ದು 1740ರಲ್ಲಿ. ಸೈನಿಕನಾಗಿ ವೆಸ್ಟ್ ಇಂಡೀಸಿಗೆ ಹೋದವನು ಅಲ್ಲಿಯೇ ಸೇರಾ ಹೇಜಲ್ ಎಂಬಾಕೆಯನ್ನು ಮದುವೆಯಾದ. 1760ರ ದಶಕದಲ್ಲಿ ಭಾರತಕ್ಕೆ ಬಂದು ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ಸೈನ್ಯ ಸೇರಿದ. ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸನ ಸೇನಾ ಕಾರ್ಯದರ್ಶಿಯಾಗಿ ಬೆಳೆದು, 1782ರಲ್ಲಿ ಆತನ ಪ್ರತಿನಿಧಿಯಾಗಿ ಲಖನೌಗೆ ಹೋದ. ಮುಂದೆ ಸಿಂಧಿಯಾ ದರ್ಬಾರಿನಲ್ಲೂ 1798ರಿಂದ ಪುಣೆಯ ಪೇಶ್ವೆ ದರ್ಬಾರಿನಲ್ಲೂ ಕಂಪನಿಯ ರೆಸಿಡೆಂಟ್, ಅಂದರೆ ದರ್ಬಾರಿನಲ್ಲಿ ನೆಲೆಸಿದ ಪ್ರತಿನಿಧಿ, ಆಗಿದ್ದ. 1801ರಲ್ಲಿ ಪುಣೆಯಲ್ಲಿ ಆತನ ಜಾಗಕ್ಕೆ ಬಂದವನು ಬ್ಯಾರಿ ಕ್ಲೋಸ್. ಟಿಪ್ಪುವಿನ ಪತನದ ನಂತರ ಮೈಸೂರಿಗೆ ಮೊದಲ ರೆಸಿಡೆಂಟ್ ಆಗಿದ್ದವನು ಇದೇ ಕ್ಲೋಸ್.

ಭಾರತದಲ್ಲಿ ಪಾಮರನ ಸಂಗಾತಿಯಾದವಳು ಫೈಜ್ ಬಕ್ಷ್. ಮೊಘಲ್ ಸಂಸ್ಕೃತಿಯಲ್ಲಿ ಬೆಳೆದ ಮುಸ್ಲಿಂ ಮಹಿಳೆ. 1785ರ ಸುಮಾರಿಗೆ ಲಖನೌದಲ್ಲಿ ಬರೆಸಿದ, ಪೂರ್ತಿಯಾಗದೆ ನಿಂತ ತೈಲಚಿತ್ರವೊಂದು ಬ್ರಿಟಿಷ್ ಲೈಬ್ರರಿಯಲ್ಲಿದೆ. ಬರೆದ ಚಿತ್ರಕಾರ ಫ್ರಾನ್ಸೆಸ್ಕೊ ರೆನಾಲ್ಡಿಯೋ ಅಥವಾ ಯೋಹಾನ್ ಜೊಫಾನಿಯೋ ಎಂಬ ಬಗ್ಗೆ ತಜ್ಞರಲ್ಲಿ ಚರ್ಚೆ ನಡೆದಿದೆ. ಅದರಲ್ಲಿ ಪಾಮರ್ ಸೈನಿಕ ಉಡುಪಿನಲ್ಲಿದ್ದಾನೆ. ಫೈಜ್ ಬಕ್ಷ್ ನೆಲದ ಮೇಲೆ ಕುಳಿತಿದ್ದಾಳೆ, ಮಡಿಲಲ್ಲಿ ಹಸುಗೂಸು. ಸುತ್ತ ಉಳಿದ ಮಕ್ಕಳು, ಮನೆಯ ಹೆಂಗಸರು. ಆ ಕೂಸಿನ ಹೆಸರು ಹೇಸ್ಟಿಂಗ್ಸ್. ತಂದೆ ತನ್ನ ಪೋಷಕನ ಹೆಸರನ್ನೇ ಮಗನಿಗೆ ಇಟ್ಟಿದ್ದ. ಇಂಥ ಚಿತ್ರವನ್ನು ಬರೆಸಿ ಗೋಡೆಗೆ ಹಾಕಿಕೊಳ್ಳಲು ಬಯಸಿದ ಗೃಹಸ್ಥ ತನ್ನ ಸಂಸಾರವನ್ನು ಮುಚ್ಚಿಡುವ ಮನುಷ್ಯನಲ್ಲ ಎಂಬುದು ನನ್ನ ನಂಬಿಕೆ.

ಹೀಗೆ ಒಬ್ಬ ತಂದೆಗೆ ಎರಡು ಕವಲಿನ ಮಕ್ಕಳಾದರು. ಸೇರಾಳ ಮಗ ಜಾನ್, ಫೈಜ್ ಬಕ್ಷಳ ಮಕ್ಕಳಾದ ವಿಲಿಯಂ, ಹೇಸ್ಟಿಂಗ್ಸ್ ಮೊದಲಾದವರು. ಇವರ ಬದುಕನ್ನು ಬೇರೆ ಮಾಡಿದ್ದು ಕಂಪನಿಯ ಎರಡು ಆದೇಶಗಳು. 1791ರಲ್ಲಿ, ಭಾರತೀಯ ತಾಯಂದಿರ ಮಕ್ಕಳಿಗೆ ಕಂಪನಿಯ ಆಡಳಿತ, ಸೈನ್ಯ, ನೌಕಾ ಸೇವೆಗಳಲ್ಲಿ ಹುದ್ದೆ ಇಲ್ಲ ಎಂದಾಯಿತು. 1795ರಲ್ಲಿ ಅದು ಇನ್ನೂ ಬಿಗಿಯಾಯಿತು: ತಂದೆ ತಾಯಿ ಇಬ್ಬರೂ ಯುರೋಪಿಯನ್ನರಲ್ಲದಿದ್ದರೆ ಸೈನ್ಯದಲ್ಲಿ ಕೊಳಲೂದುವ, ನಗಾರಿ ಬಾರಿಸುವ, ಕುದುರೆಗೆ ಲಾಳ ಹೊಡೆಯುವ ಕೆಲಸಗಳಷ್ಟೇ ಗತಿ. ಜಾನ್ ಕಲ್ಕತ್ತಾದ ದೊಡ್ಡ ವ್ಯಾಪಾರಿಯಾದ. 1780ರಲ್ಲಿ ಹುಟ್ಟಿದ್ದ ವಿಲಿಯಂ 1799ರಲ್ಲಿ ಹೈದರಾಬಾದಿನ ನಿಜಾಮನ ಸೈನ್ಯ ಸೇರಿದ. ಕಂಪನಿ ಮುಚ್ಚಿದ ಬಾಗಿಲು ದೇಶೀ ಸಂಸ್ಥಾನದಲ್ಲಿ ತೆರೆದಿತ್ತು. ಆ ಬಾಗಿಲುಗಳೇ ಮುಂದೆ ಯಾರ ಕಾಗದ ಎಲ್ಲಿಗೆ ಸೇರಬೇಕೆಂದೂ ತೀರ್ಮಾನಿಸಿದವು.

ಇಲ್ಲಿ ಪತ್ರಗಳ ಬಗ್ಗೆ ಒಂದು ಮೂಲ ಸಂಗತಿ ಹೇಳಬೇಕು. ಇದು ತಿಳಿಯದಿದ್ದರೆ ಮುಂದಿನದೆಲ್ಲ ಗೊಂದಲವೆನಿಸುತ್ತದೆ. ಇಂದಿನ ಇ-ಮೇಲಿನಲ್ಲಿ ನಾವು ಕಳಿಸಿದ್ದೂ ನಮಗೆ ಬಂದದ್ದೂ ಎರಡೂ ನಮ್ಮಲ್ಲೇ ಉಳಿಯುತ್ತವೆ. ಕಾಗದದ ಕಾಲದಲ್ಲಿ ಬರೆದ ಪತ್ರ ಕೈಬಿಟ್ಟು ಹೋಗುತ್ತಿತ್ತು, ಪಡೆದವನ ಮನೆಯಲ್ಲಿ ಉಳಿಯುತ್ತಿತ್ತು. ಹಾಗಾಗಿ ಒಬ್ಬನ ಹೆಸರಿನ ಸಂಗ್ರಹವನ್ನು ಬಿಚ್ಚಿದರೆ ಹೆಚ್ಚಾಗಿ ಸಿಗುವುದು ಇತರರ ಮಾತು. ಆತನ ಮಾತು ಬೇಕಿದ್ದರೆ ಆತ ಯಾರಿಗೆ ಬರೆದನೋ ಅವರ ಸಂಗ್ರಹಕ್ಕೆ ಹೋಗಬೇಕು. ಇದಕ್ಕೆ ಒಂದೇ ಅಪವಾದ, ನಕಲು ಇಟ್ಟುಕೊಳ್ಳುವ ಅಭ್ಯಾಸ. ವ್ಯಾಪಾರಿಗಳೂ ಅಧಿಕಾರಿಗಳೂ ಗುಮಾಸ್ತರನ್ನು ಕೂರಿಸಿ ಹೊರಹೋಗುವ ಪ್ರತಿ ಪತ್ರವನ್ನೂ ದೊಡ್ಡ ಪುಸ್ತಕದಲ್ಲಿ ನಕಲು ಮಾಡಿಸುತ್ತಿದ್ದರು. 1780ರಲ್ಲಿ ಜೇಮ್ಸ್ ವಾಟ್ ಪತ್ರಗಳ ನಕಲು ಒತ್ತುವ ಯಂತ್ರಕ್ಕೆ ಪೇಟೆಂಟ್ ಪಡೆದ ಮೇಲೂ ಕೈನಕಲು ನಿಲ್ಲಲಿಲ್ಲ. ನಕಲು ಮಾಡಿಸಲು ಸಂಬಳದ ಗುಮಾಸ್ತ ಬೇಕು. ಅಂದರೆ ನಕಲಿನ ರೂಪದಲ್ಲಿ ಉಳಿಯುವ ದನಿ ಹಣವಂತರದು, ಅದರಲ್ಲೂ ಗಂಡಸರದು. ಮನೆಯ ಹೆಂಗಸು ಬರೆದ ಚೀಟಿಗೆ ನಕಲು ಎಲ್ಲಿಯದು?

ಈ ಸೂತ್ರ ಹಿಡಿದು ಹೊರಟರೆ ಜನರಲ್ ಪಾಮರನ ಮಾತು ಎಲ್ಲಿದೆ ಎಂಬುದು ಸುಲಭವಾಗಿ ಹೊಳೆಯುತ್ತದೆ. ಅದು ವಾರನ್ ಹೇಸ್ಟಿಂಗ್ಸನ ಕಾಗದಗಳಲ್ಲಿದೆ. ಹೇಸ್ಟಿಂಗ್ಸ್ 1785ರಲ್ಲಿ ಭಾರತ ಬಿಟ್ಟ ಮೇಲೂ ಪಾಮರ್ ಆತನಿಗೆ ವರ್ಷಗಟ್ಟಲೆ ಬರೆಯುತ್ತಿದ್ದ. ಹೇಸ್ಟಿಂಗ್ಸ್ ಆ ಪತ್ರಗಳನ್ನು ಕಾಪಾಡಿದ್ದಕ್ಕೆ ಸ್ನೇಹವೊಂದೇ ಕಾರಣವಾಗಿರಲಾರದು. ಬ್ರಿಟಿಷ್ ಸಂಸತ್ತು ಆತನ ಮೇಲೆ ಮಹಾಭಿಯೋಗ ಹೂಡಿತು. ವಿಚಾರಣೆ 1788ರಿಂದ 1795ರವರೆಗೆ ನಡೆದು ಕೊನೆಗೆ ಖುಲಾಸೆಯಾಯಿತು. ಏಳು ವರ್ಷ ಕಟಕಟೆಯಲ್ಲಿ ನಿಂತವನು ಒಂದು ತುಂಡು ಕಾಗದವನ್ನೂ ಎಸೆಯುವುದಿಲ್ಲ. ಆ ಸಂಗ್ರಹ ಬ್ರಿಟಿಷ್ ಮ್ಯೂಸಿಯಂ ಸೇರಿ, ಇಂದು ಬ್ರಿಟಿಷ್ ಲೈಬ್ರರಿಯಲ್ಲಿದೆ. ಅಲ್ಲಿನ ಪತ್ರಗಳಲ್ಲಿ ಪಾಮರ್ ಬೇಸರಗೊಂಡ ಹಳಬನಂತೆ ಮಾತನಾಡುತ್ತಾನೆ. ವೆಲ್ಲೆಸ್ಲಿಯ ಕಾಲದ ಕಲ್ಕತ್ತಾದಲ್ಲಿ ದೇಶೀ ದರ್ಬಾರುಗಳ ವಕೀಲರಿಗೆ, ಅಂದರೆ ರಾಯಭಾರಿಗಳಿಗೆ, ಹಿಂದಿನ ಮರ್ಯಾದೆ ಸಿಗುತ್ತಿಲ್ಲ, ಅವರಿಗೆ ಗವರ್ನರ್ ಜನರಲನ ಭೇಟಿಯೇ ಅಪರೂಪವಾಗಿದೆ ಎಂದು 1802ರಲ್ಲಿ ಬರೆದ. ಹುದ್ದೆ ಕಳೆದುಕೊಂಡವನ ಅಸಮಾಧಾನ ಅದರಲ್ಲಿ ಇದ್ದೇ ಇದೆ. ಆದರೂ ಕಂಪನಿಯ ಅಧಿಕಾರಿಗಳ ನಡವಳಿಕೆ ಹೇಗೆ ಗಡುಸಾಯಿತು ಎಂಬುದಕ್ಕೆ ಒಳಗಿನವನೊಬ್ಬನ ಸಾಕ್ಷಿ ಅದು. ಪಾಮರನ ಕಟ್ಟನ್ನಷ್ಟೇ ಹುಡುಕಿದವರಿಗೆ ಅದು ಸಿಗುತ್ತಿರಲಿಲ್ಲ.

ಫೈಜ್ ಬಕ್ಷಳ ಪಾಲಿಗೆ ಉಳಿದದ್ದು ಇಷ್ಟೇ ಎನ್ನಲು ಮನಸ್ಸಿಗೆ ಹಿಂಸೆಯಾಗುತ್ತದೆ. ಆ ತೈಲಚಿತ್ರವಿದೆ. ಮೊಘಲ್ ಬಾದಷಹ ಷಾ ಆಲಂ 1796ರಲ್ಲಿ ಆಕೆಗೆ ‘ಸಾಹಿಬ್ ಬೇಗಂ’ ಎಂಬ ಬಿರುದು ಕೊಟ್ಟ ಫರ್ಮಾನಿದೆ. ಗಂಡನ ಹಾಗೂ ಪರಿಚಿತರ ಪತ್ರಗಳಲ್ಲಿ ಅಲ್ಲೊಂದು ಇಲ್ಲೊಂದು ಸಾಲಿದೆ. ಆಕೆ ಸಾಮಾನ್ಯ ಮಹಿಳೆಯಲ್ಲ. ನಿಜಾಮನ ಊರಿನಲ್ಲಿ ದೊಡ್ಡ ಮನೆಗಳ ಒಡನಾಟವಿದ್ದವಳು, ರೆಸಿಡೆಂಟ್ ಜೇಮ್ಸ್ ಕರ್ಕ್‌ಪ್ಯಾಟ್ರಿಕ್‌ನ ಹೆಂಡತಿ ಖೈರುನ್ನಿಸಾಳ ಆಪ್ತಳು. ಗಂಡ ಬಂಗಾಳದ ಬೆಹರಾಂಪುರದಲ್ಲಿ ತೀರಿಕೊಂಡ ಮೇಲೆ ಮಗ ವಿಲಿಯಮನ ಬಳಿಗೆ ಬಂದು, 1828ರಲ್ಲಿ ಹೈದರಾಬಾದಿನಲ್ಲಿ ಕಣ್ಣುಮುಚ್ಚಿದಳು. ಇಷ್ಟು ದೀರ್ಘ ಬಾಳಿನಲ್ಲಿ ಆಕೆ ಆಡಿದ ಮಾತು ಆಕೆಯದೇ ದನಿಯಲ್ಲಿ ನಮಗೆ ಕೇಳಿಸುವುದು ತೀರ ವಿರಳ. ಹೀಗಾಗಿ ಆಕೆಯ ಬಗ್ಗೆ ಓದುವಾಗಲೆಲ್ಲ, ಬರೆದವನು ಯಾರು ಮತ್ತು ಯಾರಿಗೆ ಬರೆಯುತ್ತಿದ್ದಾನೆ ಎಂದು ಮೊದಲು ನೋಡಿಕೊಳ್ಳುವುದು ಆಕೆಗೆ ನಾವು ಸಲ್ಲಿಸಬೇಕಾದ ಕನಿಷ್ಠ ನ್ಯಾಯ.

ಮಲಮಗ ಜಾನ್ ಪಾಮರನ ಪತ್ರ ನಕಲು ಪುಸ್ತಕಗಳು ಮಾತ್ರ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿ ಸಂಪುಟಗಟ್ಟಲೆ ಇವೆ. ಕಲ್ಕತ್ತಾದ ವ್ಯಾಪಾರಿಗಳ ರಾಜಕುಮಾರ ಎಂದು ಹೆಸರಾಗಿದ್ದ ಆತನ ಸಂಸ್ಥೆ 1830ರ ಜನವರಿಯಲ್ಲಿ ದಿವಾಳಿಯಾಯಿತು. ಅದರ ಹಿಂದೆ ಕಲ್ಕತ್ತಾದ ಇತರ ಏಜೆನ್ಸಿ ಸಂಸ್ಥೆಗಳೂ ಒಂದೊಂದಾಗಿ ಕುಸಿದವು. ಆರ್ಥಿಕ ಇತಿಹಾಸಕಾರರಿಗೆ ಆ ಪುಸ್ತಕಗಳು ನಿಧಿ.

ಹೈದರಾಬಾದಿನ ತಮ್ಮನ ಕಥೆ ಹೆಚ್ಚು ಜಟಿಲವಾದದ್ದು. ಆತನ ಕಾಗದಗಳು ಉಳಿದ ಬಗೆಯಂತೂ ಇನ್ನೂ ವಿಚಿತ್ರ. ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲು ಹೆಸರುಗಳ ಗೊಂದಲ ಬಿಡಿಸಬೇಕು. ಈ ಕಥೆಯಲ್ಲಿ ಮೂವರು ಹೇಸ್ಟಿಂಗ್ಸ್ ಇದ್ದಾರೆ. ಜನರಲ್ ಪಾಮರನ ಪೋಷಕ ವಾರನ್ ಹೇಸ್ಟಿಂಗ್ಸ್ ಒಬ್ಬ. ಚಿತ್ರದಲ್ಲಿ ಕೂಸಾಗಿದ್ದ ಹೇಸ್ಟಿಂಗ್ಸ್ ಪಾಮರ್ ಇನ್ನೊಬ್ಬ. 1813ರಿಂದ 1823ರವರೆಗೆ ಗವರ್ನರ್ ಜನರಲ್ ಆಗಿದ್ದ ಮಾರ್ಕ್ವಿಸ್ ಆಫ್ ಹೇಸ್ಟಿಂಗ್ಸ್ ಮೂರನೆಯವನು. ವಿಲಿಯಂ ಪಾಮರ್ ಎಂಬ ಹೆಸರೂ ತಂದೆಯದೂ ಹೌದು ಮಗನದೂ ಹೌದು. ಗ್ರಂಥಾಲಯದ ಸೂಚಿಗಳಲ್ಲಿ ಹುಡುಕುವಾಗ ಇಸವಿ ಹಿಡಿದುಕೊಂಡೇ ಹುಡುಕಬೇಕು.

ಮಗ ವಿಲಿಯಂ ನಿಜಾಮನ ಸೈನ್ಯ ಬಿಟ್ಟು, ಹೈದರಾಬಾದಿನಲ್ಲಿ ವಿಲಿಯಂ ಪಾಮರ್ ಅಂಡ್ ಕಂಪನಿ ಎಂಬ ಲೇವಾದೇವಿ ಸಂಸ್ಥೆ ಕಟ್ಟಿದ. ತಮ್ಮ ಹೇಸ್ಟಿಂಗ್ಸ್ ಪಾಮರ್ ಜೊತೆಗಿದ್ದ, ಗುಜರಾತಿ ಸಾಹುಕಾರನೊಬ್ಬ ಪಾಲುದಾರನಾಗಿದ್ದ. ಸರ್ ವಿಲಿಯಂ ರಂಬೋಲ್ಡ್ ಎಂಬ ಇಂಗ್ಲಿಷ್ ಶ್ರೀಮಂತನೂ ಬಂದು ಸೇರಿದ. ಗವರ್ನರ್ ಜನರಲ್ ಮಾರ್ಕ್ವಿಸ್ ಹೇಸ್ಟಿಂಗ್ಸನ ಪಾಲನೆಯಲ್ಲಿ ಬೆಳೆದ ಹುಡುಗಿಯನ್ನು ಈತ ಮದುವೆಯಾಗಿದ್ದ. ಬ್ರಿಟಿಷ್ ಪ್ರಜೆಗಳು ಕಂಪನಿಯ ಒಪ್ಪಿಗೆಯಿಲ್ಲದೆ ದೇಶೀ ಅರಸರಿಗೆ ಸಾಲ ಕೊಡಬಾರದೆಂದು 1797ರ ಕಾಯಿದೆ ಹೇಳುತ್ತಿತ್ತು. 1816ರಲ್ಲಿ ಈ ಸಂಸ್ಥೆಗೆ ಗವರ್ನರ್ ಜನರಲನ ಸಭೆಯಿಂದ ಆ ಒಪ್ಪಿಗೆ ಸಿಕ್ಕಿತು.

ನಿಜಾಮ ಸಿಕಂದರ್ ಜಾನ ಸರ್ಕಾರಕ್ಕೆ ಹಣ ಬೇಕಾಗಿದ್ದು ಮುಖ್ಯವಾಗಿ ಸೈನ್ಯದ ಸಂಬಳಕ್ಕೆ. ಬ್ರಿಟಿಷ್ ಅಧಿಕಾರಿಗಳ ಕೈಕೆಳಗಿನ ಆ ಪಡೆಯನ್ನು ಇಟ್ಟುಕೊಳ್ಳಲೇಬೇಕೆಂದು ಒತ್ತಾಯವಿತ್ತು, ಖರ್ಚು ಮಾತ್ರ ನಿಜಾಮನದು. ಸಂಬಳ ತಡವಾಗದಂತೆ ಪಾಮರ್ ಸಂಸ್ಥೆ ಮುಂಗಡ ಕೊಡುತ್ತಿತ್ತು. ಅದಕ್ಕೆ ಪ್ರತಿಯಾಗಿ ಜಿಲ್ಲೆಗಳ ಕಂದಾಯವನ್ನು ಬರೆಸಿಕೊಳ್ಳುತ್ತಿತ್ತು. ನಿಜಾಮನ ಹಣಕಾಸು ನೋಡುತ್ತಿದ್ದ ಪೇಷ್ಕಾರ ಚಂದೂಲಾಲ್ ಸಾಲದ ಮೇಲೆ ಸಾಲ ತೆಗೆದ. 1820ರಲ್ಲಿ ಹಳೆಯ ಹೊರೆ ಇಳಿಸಲೆಂದು 60 ಲಕ್ಷ ರೂಪಾಯಿಯ ದೊಡ್ಡ ಸಾಲಕ್ಕೆ ಕಲ್ಕತ್ತಾದ ಅನುಮತಿ ದೊರೆಯಿತು. ಅದೇ ವರ್ಷದ ಕೊನೆಗೆ ರೆಸಿಡೆಂಟ್ ಆಗಿ ಬಂದ ಚಾರ್ಲ್ಸ್ ಮೆಟ್ಕಾಫ್ ಲೆಕ್ಕ ಬಿಚ್ಚಿಸಿದ. ಆ 60 ಲಕ್ಷದಲ್ಲಿ 8 ಲಕ್ಷ ಸಂಸ್ಥೆಯವರೇ ಹಿಡಿದುಕೊಂಡ ಬೋನಸ್, ಉಳಿದುದರಲ್ಲಿ ಬಹುಭಾಗ ಸಂಸ್ಥೆಯದೇ ಹಳೆಯ ಬಾಕಿಯ ಹೊಸ ರೂಪ ಎಂದು ಆತ ಆರೋಪಿಸಿದ.

ಸಾಲ ತೀರಿಸಿದ ಬಗೆಯನ್ನು ನೋಡಿ. ಆಂಧ್ರ ಕರಾವಳಿಯ ಉತ್ತರ ಸರ್ಕಾರ್ ಜಿಲ್ಲೆಗಳನ್ನು ಕಂಪನಿ ಅನುಭವಿಸುತ್ತಿದ್ದುದಕ್ಕೆ ನಿಜಾಮನಿಗೆ ವರ್ಷಕ್ಕೆ 7 ಲಕ್ಷ ರೂಪಾಯಿ ಪೇಷ್ಕಷ್ (ಕಪ್ಪ) ಸಲ್ಲುತ್ತಿತ್ತು. 1823ರಲ್ಲಿ ಕಂಪನಿ ಅದನ್ನು ಒಂದೇ ಗಂಟಿನಲ್ಲಿ ಚುಕ್ತಾ ಮಾಡಿತು. ಕೊಟ್ಟ ಮೊತ್ತ 1,16,66,666 ರೂಪಾಯಿ. ಈ ವಿಲಕ್ಷಣ ಅಂಕಿ ಎಲ್ಲಿಂದ ಬಂತು? ಶೇಕಡಾ 6ರ ಬಡ್ಡಿಯಲ್ಲಿ ವರ್ಷಕ್ಕೆ 7 ಲಕ್ಷ ತರುವ ಅಸಲು ಎಷ್ಟೋ ಅಷ್ಟು. ಆ ಹಣದಿಂದ ಪಾಮರ್ ಸಂಸ್ಥೆಯ ಬಾಕಿ ತೀರಿತು, ನಿಜಾಮನ ಮನೆಗೆ ಎಂದೆಂದಿಗೂ ಬರಬೇಕಿದ್ದ ವರಮಾನ ನಿಂತೇಹೋಯಿತು. ಸಂಸ್ಥೆಯೂ ಬಾಳಲಿಲ್ಲ, 1824ರಲ್ಲಿ ಮುಳುಗಿತು. ಈ ಇಡೀ ವ್ಯವಹಾರದಲ್ಲಿ ನನಗೆ ಅತ್ಯಂತ ಅನ್ಯಾಯವೆನಿಸುವುದು ಇದೇ ಲೆಕ್ಕ. ಸೈನ್ಯ ಬೇಕೆಂದವರು ಒಬ್ಬರು, ಲಾಭ ಉಂಡವರು ಇನ್ನೊಬ್ಬರು, ಕಳೆದುಕೊಂಡದ್ದು ಮೂರನೆಯವರ ಖಜಾನೆ, ಅದರ ಹಿಂದೆ ಕಂದಾಯ ತೆತ್ತ ರೈತ.

ಇಷ್ಟು ವಿವರ ನಮಗೆ ಸಿಗುವುದು ಹೇಗೆ? ಕಂಪನಿಯೇ 1824ರಲ್ಲಿ ಈ ಹಗರಣದ ಪತ್ರವ್ಯವಹಾರವನ್ನು ದೊಡ್ಡ ಸಂಪುಟವಾಗಿ ಅಚ್ಚು ಹಾಕಿಸಿತು. ಮರುವರ್ಷ ಲಂಡನ್ನಿನಲ್ಲಿ ಷೇರುದಾರರ ಸಭೆಯಲ್ಲಿ ಅದರ ಮೇಲೆ ದೀರ್ಘ ಚರ್ಚೆ ನಡೆಯಿತು. ಆ ಸಂಪುಟದಲ್ಲಿ ಮೆಟ್ಕಾಫನ ವರದಿಗಳಿವೆ, ಲೆಕ್ಕಪತ್ರಗಳಿವೆ, ವಿಲಿಯಂ ಪಾಮರ್ ಸಂಸ್ಥೆಯ ಸಮರ್ಥನೆಗಳಿವೆ. ಅಂದರೆ ಆರೋಪಿಯ ಮಾತನ್ನು ಮುಂದಿನ ತಲೆಮಾರಿಗೆ ದಾಟಿಸಿದವನು ಆರೋಪ ಹೊರಿಸಿದವನು. ಓದುವಾಗ ಇದನ್ನು ಮರೆಯಬಾರದು. ಯಾವ ಪತ್ರ ಅಚ್ಚಿಗೆ ಹೋಗಬೇಕೆಂದು ಆರಿಸಿದವರು ವಾದದಲ್ಲಿ ಒಂದು ಪಕ್ಷದವರು.

ಇನ್ನೊಂದು ಮಗ್ಗುಲು ಹೆನ್ರಿ ರಸೆಲ್‌ನದು. ಮೆಟ್ಕಾಫನಿಗಿಂತ ಮೊದಲು, 1811ರಿಂದ 1820ರವರೆಗೆ ಹೈದರಾಬಾದಿನ ರೆಸಿಡೆಂಟ್ ಆಗಿದ್ದವನು. ಸಂಸ್ಥೆ ಬೆಳೆದದ್ದು ಆತನ ಕಣ್ಣೆದುರಿಗೆ, ಆತನ ಹಣವೂ ಅದರಲ್ಲಿತ್ತೆಂಬ ಶಂಕೆ ಆಗಲೇ ಇತ್ತು. ಇಂಗ್ಲೆಂಡಿಗೆ ಮರಳಿ ಬರ್ಕ್‌ಷೈರಿನ ಸ್ವಾಲೋಫೀಲ್ಡ್ ಎಂಬ ಬಂಗಲೆಯಲ್ಲಿ ನೆಲೆಸಿದ. ಆತನ ವಂಶದವರು ಕಾಪಾಡಿದ ಪತ್ರಗಳು ಇಂದು ಬಾಡ್ಲಿಯನ್ನಿನಲ್ಲಿವೆ. ಅಧಿಕೃತ ವರದಿಯಲ್ಲಿ ಇಲ್ಲದ ಹೈದರಾಬಾದು, ಅಂದರೆ ಮನೆಮಾತು, ಸಾಲ, ಸ್ನೇಹ, ಭಯ ಎಲ್ಲವೂ ಆತ ತಮ್ಮನಿಗೆ ಬರೆದ ಪತ್ರಗಳಲ್ಲಿ ಸಿಗುತ್ತವೆ. ಖೈರುನ್ನಿಸಾಳ ಕೊನೆಯ ವರ್ಷಗಳ ನೋವು ತಿಳಿಯುವುದೂ ಅಲ್ಲಿಂದಲೇ.

ಕಾಗದ ಉಳಿಯುವುದು ಹಕ್ಕು ಕೇಳುವವನಿಗೆ ಅದು ಬೇಕಾದಾಗ. ನಮ್ಮ ಧಾರವಾಡ, ಬೆಳಗಾವಿ ಸೀಮೆಯ ಹಳೆಯ ಮನೆತನಗಳಿಗೆ ಇದು ಅನುಭವದ ಮಾತು. 1852ರಲ್ಲಿ ಇನಾಂ ಕಮಿಷನ್ನಿಗೆ ಕಾಯಿದೆಯ ಬಲ ಬಂದು, ಮುಂಬಯಿ ಪ್ರಾಂತ್ಯದ ಇನಾಂದಾರರು ಸನದು ತೋರಿಸಿ ಭೂಮಿ ಉಳಿಸಿಕೊಳ್ಳಬೇಕಾಯಿತು. ಅಲ್ಲಿಯವರೆಗೆ ಜಂತಿಯಲ್ಲಿ ಧೂಳು ತಿನ್ನುತ್ತಿದ್ದ ಕಡತ ಅಂದಿನಿಂದ ಆಸ್ತಿಯಾಯಿತು. ಆ ಮನೆಗಳಲ್ಲಿ ಇಂದಿಗೂ ಸನದು, ತಕರಾರು ಅರ್ಜಿ, ದತ್ತಕ ಪತ್ರ ಸಿಗುತ್ತವೆ. ಅಜ್ಜಿಯರು ಒಬ್ಬರಿಗೊಬ್ಬರು ಬರೆದ ಓಲೆ ಸಿಗುವುದಿಲ್ಲ. ಪಾಮರ್ ಕುಟುಂಬದ ಕಾಗದಗಳಲ್ಲೂ ಇದೇ ಕಾಣುತ್ತದೆ.

ಇವೆಲ್ಲ ಇಂಗ್ಲಿಷ್ ಕಾಗದಗಳು. ನಿಜಾಮ ಸರ್ಕಾರ ತನ್ನ ದಫ್ತರುಗಳನ್ನು ಪರ್ಷಿಯನ್‌ನಲ್ಲಿ ಇಡುತ್ತಿತ್ತು. ಅವುಗಳ ದೊಡ್ಡ ಭಾಗ ಹೈದರಾಬಾದಿನ ತಾರ್ನಾಕಾದಲ್ಲಿರುವ ರಾಜ್ಯ ಪತ್ರಾಗಾರದಲ್ಲಿದೆ. ರಾಯಚೂರು, ಕಲಬುರಗಿ, ಬೀದರ್ ಆಗ ನಿಜಾಮನ ಸೀಮೆಯಾಗಿದ್ದುದರಿಂದ ಕಲ್ಯಾಣ ಕರ್ನಾಟಕದ ಇತಿಹಾಸಕ್ಕೂ ಅದೇ ತವರು. ಲಂಡನ್ನಿನ ಸಂಪುಟಗಳಿಗೆ ಸಿಕ್ಕ ಗಮನ ಆ ದಫ್ತರುಗಳಿಗೆ ಸಿಕ್ಕಿಲ್ಲ. ಪರ್ಷಿಯನ್ ಓದಬಲ್ಲ ಕನ್ನಡದ ಸಂಶೋಧಕರು ಬೆರಳೆಣಿಕೆಯಷ್ಟು. ನಮ್ಮ ವಿಶ್ವವಿದ್ಯಾಲಯಗಳು ಆ ಭಾಷೆ ಕಲಿಸಲು ಮನಸ್ಸು ಮಾಡಿದರೆ ಒಂದು ತಲೆಮಾರಿನಲ್ಲೇ ಚಿತ್ರ ಬದಲಾಗುತ್ತದೆ.

ದಿವಾಳಿಯಾದ ಮೇಲೂ ವಿಲಿಯಂ ಪಾಮರ್ ಹೈದರಾಬಾದು ಬಿಡಲಿಲ್ಲ. 1867ರಲ್ಲಿ ಅಲ್ಲಿಯೇ ತೀರಿಕೊಂಡ. ಆತನ ಮಗಳು ಮೇರಿಯನ್ನು ಮದುವೆಯಾದವನು ಇನ್ನೊಬ್ಬ ವಲಸಿಗ ಸೇನಾಧಿಕಾರಿ, ಸುರಪುರದವರು ಮರೆಯದ ಫಿಲಿಪ್ ಮೆಡೋಸ್ ಟೇಲರ್. ಲಿವರ್‌ಪೂಲಿನಲ್ಲಿ 1808ರಲ್ಲಿ ಹುಟ್ಟಿ, 1824ರಲ್ಲಿ ಹುಡುಗನಾಗಿಯೇ ಮುಂಬಯಿಗೆ ಬಂದು, ನಿಜಾಮನ ಸೈನ್ಯ ಸೇರಿದವನು. 1841ರಿಂದ 1853ರವರೆಗೆ ಸುರಪುರದ ಆಡಳಿತ ನೋಡಿಕೊಂಡ. ಬಾಲಕ ರಾಜ ವೆಂಕಟಪ್ಪ ನಾಯಕ ಆತನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದ. 1858ರ ಬಂಡಾಯದ ನಂತರ ಸೆರೆಯಾದ ಆ ರಾಜನ ಕೊನೆಯ ದಿನಗಳ ಬಗ್ಗೆ ಬರೆಯುವವರು ಇಂದಿಗೂ ಟೇಲರನ ಆತ್ಮಕಥೆಯ ಕಡೆಗೇ ತಿರುಗುತ್ತಾರೆ.

ಆ ಆತ್ಮಕಥೆ ಟೇಲರ್ ಬದುಕಿದ್ದಾಗ ಹೊರಬರಲಿಲ್ಲ. ಆತ ಸತ್ತದ್ದು 1876ರಲ್ಲಿ. ಮರುವರ್ಷ ಅದನ್ನು ಸಂಪಾದಿಸಿ ಪ್ರಕಟಿಸಿದವಳು ಮಗಳು ಆಲಿಸ್. ತಾಯಿಯ ಕಡೆಯಿಂದ ಆಕೆ ವಿಲಿಯಂ ಪಾಮರನ ಮೊಮ್ಮಗಳು, ಫೈಜ್ ಬಕ್ಷಳ ಮರಿಮೊಮ್ಮಗಳು. ಸುರಪುರದ ಕಥೆಯ ಬಹುಮುಖ್ಯ ಆಕರವೊಂದು ಅಚ್ಚಾದದ್ದು ಈ ಕುಟುಂಬದ ನಾಲ್ಕನೆಯ ತಲೆಮಾರಿನ ಹೆಣ್ಣುಮಗಳ ಕೈಯಿಂದ. ತಂದೆಯ ಹೆಸರು ಚೆನ್ನಾಗಿ ಉಳಿಯಲಿ ಎಂದು ಯಾವ ಮಗಳು ಬಯಸುವುದಿಲ್ಲ? ಆದ್ದರಿಂದ ವೆಂಕಟಪ್ಪ ನಾಯಕನ ಸೆರೆ ಮತ್ತು ಸಾವಿನ ಬಗ್ಗೆ ಆ ಪುಟಗಳಿಂದ ಉದ್ಧರಿಸುವಾಗ, ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿರುವ ಹೈದರಾಬಾದ್ ರೆಸಿಡೆನ್ಸಿಯ ಕಡತಗಳನ್ನೂ ತಾರ್ನಾಕಾದ ದಫ್ತರುಗಳನ್ನೂ ಪಕ್ಕದಲ್ಲಿಟ್ಟುಕೊಂಡು ಸಾಲುಸಾಲಾಗಿ ಹೋಲಿಸಬೇಕು. ಆ ಕೆಲಸ ಕನ್ನಡದಲ್ಲಿ ಆಗಬೇಕಾಗಿದೆ, ಸುರಪುರದ ಮೇಲೆ ಪ್ರೀತಿಯಿರುವವರೇ ಅದನ್ನು ಮಾಡಬೇಕಾಗಿದೆ.